ಬೋರಲು ಮಡಕೆಯ ಮೇಲಿನ ರೊಟ್ಟಿ

ಸರಸ್ವತಿಪುರಂ, ಮೈಸೂರು
10 ನವೆಂಬರ್ 2024

ಶ್ರೀಮತಿ ಜಯವ್ವನವರಿಗೆ,

ಪ್ರೇಮಾ ಮುರಳೀಧರಳ ನಮಸ್ಕಾರಗಳು.

ಫೋನು ಇರುವಾಗ ಬೀಗಿತ್ತಿ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ದೀಪಾವಳಿಗೆ ಫೋನು ಮಾಡಿದಾಗ ನಾನು ಕೇಳಿದ್ದಕ್ಕೆಲ್ಲ ನೀವು "ಹೌದ್ರಿ, ಆರಾಮ ಅದೀವ್ರಿ" ಎಂದೇ ಹೇಳಿದಿರಿ. ಹಬ್ಬಕ್ಕೆ ಏನಡುಗೆ ಎಂದದ್ದಕ್ಕೂ ಅದೇ ಉತ್ತರ ಬಂತು. ನಿಮಗೆ ಕಿವಿ ಸ್ವಲ್ಪ ಮಂದ ಎಂದು ಹರ್ಷಿತಾ ಹೇಳಿದ್ದಳು. ವಿಷಯ ಮುಖ್ಯವಾದದ್ದು, ಅರ್ಧಂಬರ್ಧ ಕೇಳಿಸುವುದು ಬೇಡವೆಂದು ಬರೆಯಲು ಕೂತೆ.

ಹರ್ಷಿತಾಗೆ ಐದು ತಿಂಗಳು ತುಂಬಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದು ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಸಂಕ್ರಾಂತಿ ಕಳೆದ ಮೇಲೆ ನಾವು ಬಂದು ಸೀಮಂತ ಮುಗಿಸಿ ಅವಳನ್ನು ಮೈಸೂರಿಗೆ ಕರೆತರುತ್ತೇವೆ. ದಯವಿಟ್ಟು ಕಳಿಸಿಕೊಡಿ.

ನಮಗಿರುವುದು ಒಬ್ಬಳೇ ಮಗಳು. ಕಲ್ಲಿದ್ದಲು ಗಣಿಯಲ್ಲಿ ಭೂವಿಜ್ಞಾನಿಯ ಕೆಲಸ ಎಂದು ನಾಗಪುರಕ್ಕೆ ಹೋದಳು, ನಿಮ್ಮ ಮಗ ಬಸವಪ್ರಸಾದನನ್ನು ಮೆಚ್ಚಿ ಅಲ್ಲೇ ಉಳಿದಳು. ನಾನು ತಡೆಯಲಿಲ್ಲ. ಮದುವೆಯ ದಿನ ಮನಸ್ಸಿನಲ್ಲಿ ಒಂದನ್ನು ಮಾತ್ರ ಎತ್ತಿಟ್ಟುಕೊಂಡೆ: ಮೊದಲ ಬಾಣಂತನ ನನ್ನದು. ನನ್ನ ಅಮ್ಮ ನನಗೆ ಎರೆದ ಹಾಗೆ ನಾನು ಅವಳಿಗೆ ಎರೆಯಬೇಕು. ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ್ದಾಯಿತು, ನೀರೊಲೆ ಸರಿಮಾಡಿಸಿದ್ದಾಯಿತು. ನಮ್ಮ ಮನೆಯವರು ಈಗಿನಿಂದಲೇ ರೈಲಿನ ವೇಳೆ ನೋಡುತ್ತ ಕೂತಿದ್ದಾರೆ.

ಎಲ್ಲರಿಗೂ ನಮಸ್ಕಾರ.

ಪ್ರೇಮಾ

⁂

ಸದರ್, ನಾಗಪುರ
19 ನವೆಂಬರ್ 2024

ಮೈಸೂರಿನ ಬೀಗತಿ ಪ್ರೇಮಾಬಾಯಿಯವರಿಗೆ, ನಾಗಪುರದಿಂದ ಜಯವ್ವನ ಶರಣು ಶರಣಾರ್ಥಿ.

ನಿಮ್ಮ ಪತ್ರ ಬಂದು ಮುಟ್ಟಿತು. ಪತ್ರವನ್ನು ಪುಸ್ತಕದ ಭಾಷೆಯಲ್ಲಿಯೇ ಬರೆಯಬೇಕೆಂದು ಗುಳೇದಗುಡ್ಡದ ಸಾಲಿಯಲ್ಲಿ ನಮ್ಮ ಅಕ್ಕೋರು ಕೈಗೆ ಬೆತ್ತದ ಏಟು ಕೊಟ್ಟು ಕಲಿಸಿದ್ದರು. ಹಾಗಾಗಿ ಹಾಗೆಯೇ ಬರೆಯುತ್ತೇನೆ, ನಡುವೆ ಜಾರಿದರೆ ಸಂಭಾಳಿಸಿಕೊಳ್ಳಿರಿ. ಕಿವಿಯ ವಿಷಯ ಖರೆ. ಮಗ ಮಷೀನು ತಂದುಕೊಟ್ಟಿದ್ದಾನೆ. ಕಿವಿಗೆ ಇಟ್ಟರೆ ಸೀಟಿ ಹೊಡೆಯುತ್ತದೆ, ಅದಕ್ಕೆ ಚಹಾಪುಡಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಈಗ ನೀವು ಕೇಳಿದ ಮಾತು. ಹೆರಿಗೆ ಇಲ್ಲಿಯೇ ಆಗಲಿ ಎಂದು ನಮ್ಮ ವಿಚಾರ. ರೈಲು ಬಹಳ ಅಲುಗಾಡುತ್ತದೆ. ಜನವರಿಯಲ್ಲಿ ಥಂಡಿ ಬಹಳ. ಮೈಸೂರಿನಲ್ಲಿ ಸೊಳ್ಳೆ ಇರುತ್ತವೆ ಎಂದು ಯಾರೋ ಹೇಳಿದರು. ಇಲ್ಲಿ ಆಸ್ಪತ್ರೆ ಮನೆಗೆ ಹತ್ತಿರ. ನಮ್ಮ ಯಜಮಾನರು ರಾಮಲಿಂಗಪ್ಪನವರದೂ ಇದೇ ಅಭಿಪ್ರಾಯ, ಅಂದರೆ ನಾನು ಹೇಳಿದೆ, ಅವರು ಹೂಂ ಅಂದರು.

ಹರ್ಷಿತಾ ಆರಾಮ ಇದ್ದಾಳೆ. ಸಾವನೇರ್ ಕಡೆಯ ಗಣಿಗೆ ಹೋಗುವುದನ್ನು ಬಿಟ್ಟು ಆಫೀಸಿಗೆ ರಜೆ ಹಾಕಿದ್ದಾಳೆ. ದಿನವೆಲ್ಲ ಮಲಗಿಯೇ ಇರುತ್ತಾಳೆ, ಅಂದರೆ ಹಾಯಾಗಿ ಇರುತ್ತಾಳೆ ಎಂದು ನನ್ನ ಅರ್ಥ. ನೀವು ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ.

ಒಂದು ಪೆಟ್ಟಿಗೆ ಸಂತ್ರಾ ಹಣ್ಣು ಪಾರ್ಸಲ್ ಮಾಡಿದ್ದೇನೆ. ಈ ವರ್ಷ ಹಣ್ಣು ಬಹಳ ಚಲೋ ಬಂದಿದೆ.

ನಿಮ್ಮ
ಜಯವ್ವ

⁂

ಮೈಸೂರು
27 ನವೆಂಬರ್ 2024

ಶ್ರೀಮತಿ ಜಯವ್ವನವರಿಗೆ,

ಸಂತ್ರಾ ಹಣ್ಣು ತಲುಪಿದವು. ಮಗಳು ತಲುಪುವುದಿಲ್ಲ ಎಂಬುದೂ ತಿಳಿಯಿತು.

ರೈಲು ಅಲುಗಾಡುತ್ತದೆ ಎಂದಿರಿ. ಮದುವೆಗೆ ನಿಮ್ಮ ಕಡೆಯ ದಿಬ್ಬಣವೆಲ್ಲ ಅದೇ ರೈಲಿನಲ್ಲಿ ಬಂದು, ಇಳಿದ ಕೂಡಲೇ ತಿಂಡಿ ಎಲ್ಲಿ ಎಂದು ಕೇಳಿತ್ತು. ಥಂಡಿ ಎಂದಿರಿ, ಥಂಡಿ ಇರುವುದು ನಿಮ್ಮೂರಿನಲ್ಲಿ, ಅದಕ್ಕೇ ಅಲ್ಲವೆ ಇಲ್ಲಿಗೆ ಕಳಿಸಿ ಎಂದದ್ದು. ಸೊಳ್ಳೆಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಕಾರಣಗಳು ಜಾಸ್ತಿಯಾದಷ್ಟೂ ಬರೆದ ಹುಡುಗನಿಗೆ ಉತ್ತರ ಗೊತ್ತಿಲ್ಲ ಎಂದು ಗೊತ್ತಾಗಿಬಿಡುತ್ತದೆ.

ಹರ್ಷಿತಾಗೆ ಫೋನು ಮಾಡಿದರೆ "ಅತ್ತೆ ಹೇಳಿದ ಹಾಗೇ ಆಗ್ಲಿ ಬಿಡಮ್ಮ" ಎನ್ನುತ್ತಾಳೆ. ನನ್ನ ಮಗಳು ಜನ್ಮದಲ್ಲಿ ಯಾರು ಹೇಳಿದ ಹಾಗೂ ಕೇಳಿದವಳಲ್ಲ. ನೀವು ಅದೇನು ಮಾಡಿದಿರೋ ಕಾಣೆ.

ಮದುವೆಯಲ್ಲಿ ನಮ್ಮ ತೊಗರಿಬೇಳೆ ಒಬ್ಬಟ್ಟನ್ನು ಎಲೆಯ ಮೂಲೆಗೆ ಸರಿಸಿ "ಇದು ಹೋಳಿಗಿ ಅಲ್ರಿ" ಎಂದವರು ನೀವು. ಅಷ್ಟು ಜನರ ಮುಂದೆ ಅದನ್ನು ನುಂಗಿಕೊಂಡೆ. ಇದನ್ನು ನುಂಗಲಾರೆ. ನನಗೆ ಸಿಗಬೇಕಾದ ಮೂರು ತಿಂಗಳನ್ನು ಸೊಳ್ಳೆಯ ಹೆಸರು ಹೇಳಿ ಕಿತ್ತುಕೊಳ್ಳಬೇಡಿ.

ಪ್ರೇಮಾ

⁂

ನಾಗಪುರ
6 ಡಿಸೆಂಬರ್ 2024

ಬೀಗತಿ ಪ್ರೇಮಾಬಾಯಿಯವರಿಗೆ ಶರಣಾರ್ಥಿ.

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಕೊಟ್ಟ ಮಾತು ದೊಡ್ಡದೋ ಹೆತ್ತ ತಾಯಿ ದೊಡ್ಡವಳೋ ಎಂದು ತೂಗಿ ನೋಡಿದೆ. ಈಗ ಮಧ್ಯಾಹ್ನ, ಹರ್ಷಿತಾ ಮಲಗಿದ್ದಾಳೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳುವಂತಿಲ್ಲ. ಕಿವಿ ಮಂದ ಇದ್ದವರು ಗುಟ್ಟು ಹೇಳಿದರೆ ಸದರಿನ ಚರ್ಚಿನ ತನಕ ಕೇಳಿಸುತ್ತದೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಓದಲು ಬರುವವಳು ಅವಳೊಬ್ಬಳೇ. ಮಗನಿಗೆ ಮಾತು ಬರುತ್ತದೆ, ಅಕ್ಷರ ಬಾರದು.

ದೀಪಾವಳಿ ಮುಗಿದ ವಾರ ಹರ್ಷಿತಾಗೆ ಸ್ವಲ್ಪ ರಕ್ತ ಕಂಡಿತು. ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಬಾಯಿ ಮರಾಠಿಯಲ್ಲಿ ಏನೇನೋ ಹೇಳಿ ಇಂಗ್ಲಿಷಿನ ಒಂದು ಹೆಸರು ಹೇಳಿದರು. ಅದು ನನ್ನ ಕಿವಿಗೆ ಬೀಳಲಿಲ್ಲ. ನಾನು "ಕಾಯ್, ಕಾಯ್", ಏನು ಏನು ಎನ್ನುವುದನ್ನು ನೋಡಿ ಪಾಪ, ಕಾಗದದ ಮೇಲೆ ಚಿತ್ರ ತೆಗೆದು ತೋರಿಸಿದರು. ಗರ್ಭವೆಂದರೆ ಬೋರಲು ಇಟ್ಟ ಮಡಕೆ ಇದ್ದಂತೆ. ತಳ ಮೇಲೆ, ಬಾಯಿ ಕೆಳಗೆ. ಕೂಸಿಗೆ ಅನ್ನ ನೀರು ಮುಟ್ಟಿಸುವ ಮಾಸು ಇರುತ್ತದಲ್ಲ, ಅದು ಮೇಲೆ ತಳದ ಕಡೆ ಅಂಟಿಕೊಂಡಿರಬೇಕಂತೆ. ಇವಳದು ಕೆಳಗೆ, ಬಾಯಿಯ ಹತ್ತಿರವೇ ಅಂಟಿದೆ. ಕೂಸು ಬರುವ ದಾರಿಗೆ ಅಡ್ಡ.

ಇಲ್ಲಿಯ ಹೆಣ್ಣುಮಕ್ಕಳು ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಕೈಯಲ್ಲೇ ಅಗಲ ಮಾಡಿದ ತೆಳ್ಳನೆಯ ರೊಟ್ಟಿಯನ್ನು ಅದರ ಮೇಲೆ ಹೊದಿಸಿ ಬೇಯಿಸುತ್ತಾರೆ. ಮಾಂಡೆ ಎನ್ನುತ್ತಾರೆ. ನನಗೆ ಅದೇ ನೆನಪಾಯಿತು. "ಅಂದ್ರ ಮಾಂಡೆ ಮಡಕಿ ಮ್ಯಾಲಿಂದ ಜಾರೇತಿ ಅನ್ರಿ" ಎಂದು ಅವರ ಭಾಷೆಯಲ್ಲಿ ಕೇಳಿದೆ. ಡಾಕ್ಟರ್ ಬಾಯಿ ನಕ್ಕು ಬರೋಬರ್ ಎಂದರು. ಹೊಟ್ಟೆ ದೊಡ್ಡದಾದಂತೆ ಅದು ತಾನೇ ಮೇಲೆ ಸರಿಯಬಹುದು, ಬಹಳ ಮಂದಿಗೆ ಸರಿಯುತ್ತದೆ, ಫೆಬ್ರವರಿಯಲ್ಲಿ ಮತ್ತೆ ನೋಡೋಣ, ಅಲ್ಲಿಯ ತನಕ ಪ್ರವಾಸ ಬೇಡ, ಭಾರ ಎತ್ತುವುದು ಬೇಡ ಎಂದರು.

ಹೊರಗೆ ಬಂದ ಕೂಡಲೇ ಹರ್ಷಿತಾ ನನ್ನ ಕೈ ಹಿಡಿದಳು. "ಅಮ್ಮಂಗೆ ಹೇಳ್ಬೇಡಿ ಅತ್ತೆ. ಅವ್ರಿಗೆ ಬಿಪಿ. ನಂಗೆ ಡೆಂಗಿ ಬಂದಾಗ ನನಗಿಂತ ಮುಂಚೆ ಅವ್ರೇ ಆಸ್ಪತ್ರೆ ಸೇರಿದ್ರು" ಎಂದಳು. ಬಸವಣ್ಣನ ಆಣೆ ಹಾಕಿಸಿಕೊಂಡಳು. ಇವತ್ತು ಅದನ್ನು ಮುರಿದಿದ್ದೇನೆ, ಬಸವಣ್ಣ ನನ್ನನ್ನು ನೋಡಿಕೊಳ್ಳಲಿ, ನೀವು ನಿಮ್ಮ ಬಿಪಿ ನೋಡಿಕೊಳ್ಳಿರಿ. ನಿಮ್ಮ ಮಗಳನ್ನು ನಾನು ಕಿತ್ತುಕೊಂಡಿಲ್ಲ. ಅವಳಿಗೆ ಗೊತ್ತಾಗದಂತೆ ಇರಿರಿ.

ಹೋಳಿಗೆಯ ಮಾತು ನಾನು ಆಡಿದ್ದು ನೆನಪಿಲ್ಲ. ಆದರೆ ಕಡಲೆಬೇಳೆ ಇಲ್ಲದ್ದು ಹೋಳಿಗೆ ಅಲ್ಲ ಎನ್ನುವುದು ಖರೆ.

ಜಯವ್ವ

⁂

ಮೈಸೂರು
14 ಡಿಸೆಂಬರ್ 2024

ಪ್ರಿಯ ಜಯವ್ವನವರೆ,

ಹಿಂದಿನ ಕಾಗದಕ್ಕಾಗಿ ಕ್ಷಮಿಸಿ. ಸೊಳ್ಳೆಯ ವಿಷಯದಲ್ಲಿ ಮಾತ್ರ ಕ್ಷಮೆ ಇಲ್ಲ.

ನಿಮ್ಮ ಕಿವಿಗೆ ಬೀಳದ ಆ ಹೆಸರು ಪ್ಲಾಸೆಂಟಾ. ನೀವು ಮಾಸು ಎಂದದ್ದೂ ಅದನ್ನೇ, ನಾನು ತರಗತಿಯಲ್ಲಿ ಜರಾಯು ಎನ್ನುತ್ತಿದ್ದುದೂ ಅದನ್ನೇ. ನೀವು ಡಾಕ್ಟರಿಗೆ ಕೇಳಿದ ಪ್ರಶ್ನೆ ಓದಿ ನನಗೆ ತಮಾಷೆಯೆನಿಸಿತು. ಯಾಕೆಂದರೆ ಆ ಹೆಸರಿಟ್ಟವನೂ ಅಡುಗೆಯನ್ನೇ ನೆನೆದುಕೊಂಡಿದ್ದ. ಲ್ಯಾಟಿನ್ ಭಾಷೆಯಲ್ಲಿ ಪ್ಲಾಸೆಂಟಾ ಎಂದರೆ ಚಪ್ಪಟೆ ಕಡುಬು, ಒಂದು ಬಗೆಯ ಸಿಹಿರೊಟ್ಟಿ. ಹಳೆಯ ರೋಮಿನ ಜನ ಹಿಟ್ಟನ್ನು ತೆಳ್ಳಗೆ ಹರಡಿ, ಪದರ ಪದರಕ್ಕೂ ಗಿಣ್ಣು, ಜೇನುತುಪ್ಪ ಸವರಿ ಸುಡುತ್ತಿದ್ದರಂತೆ. ಅದಕ್ಕೂ ಹಿಂದೆ ಗ್ರೀಕರಲ್ಲಿ ಚಪ್ಪಟೆಯಾದದ್ದಕ್ಕೆ ಇದ್ದ ಪದದಿಂದ ಇದು ಹುಟ್ಟಿದ್ದು. ನಾನೂರೈವತ್ತು ವರ್ಷಕ್ಕೂ ಹಿಂದೆ ಇಟಲಿಯ ಒಬ್ಬ ಶರೀರಶಾಸ್ತ್ರಜ್ಞ ಇದನ್ನು ನೋಡಿ, ದುಂಡಗೆ, ಚಪ್ಪಟೆಯಾಗಿ, ದಪ್ಪಗೆ ಇದೆಯಲ್ಲ ಎಂದು ಆ ತಿಂಡಿಯ ಹೆಸರನ್ನೇ ಕೊಟ್ಟ. ನಮ್ಮಲ್ಲಿ ದನ ಈದಾಗ "ಕಸ ಬಿತ್ತೇ" ಎಂದು ಕೇಳುತ್ತೇವೆ. ಆತನಿಗೆ ಅದು ತಟ್ಟೆಯಲ್ಲಿ ಬಡಿಸುವ ಪದಾರ್ಥವಾಗಿ ಕಂಡಿತು. ಹೊಟ್ಟೆಯೊಳಗಿನ ಮಗು ಉಣ್ಣುವುದು ಅದರಿಂದಲೇ ಆದ್ದರಿಂದ ಹೆಸರು ಸರಿಯಾಗಿಯೇ ಕೂತಿದೆ.

ಲ್ಯಾಟಿನ್ನಿನವರು ಮೈತುಂಬ ಹೀಗೇ ಹೆಸರಿಟ್ಟಿದ್ದಾರೆ. ಮಸಲ್ ಎನ್ನುವುದು ಪುಟ್ಟ ಇಲಿ, ತೋಳು ಮಡಿಸಿದಾಗ ಚರ್ಮದಡಿ ಓಡಾಡುತ್ತದಲ್ಲ ಅದಕ್ಕೆ. ಸೊಂಟದ ಮೂಳೆ ಪೆಲ್ವಿಸ್, ಅಂದರೆ ಬೋಗುಣಿ. ನೋವೆಂದು ನೀವು ದಿನಾ ಬೈದುಕೊಳ್ಳುತ್ತೀರೆಂದು ಹರ್ಷಿತಾ ಹೇಳಿದ ಮೊಣಕಾಲ ಚಿಪ್ಪು ಪಟೆಲ್ಲಾ, ಅಂದರೆ ಪುಟ್ಟ ತಟ್ಟೆ. ಹುಡುಗರಿಗೆ ಹೀಗೆ ಹೇಳಿಕೊಟ್ಟರೆ ಪರೀಕ್ಷೆಯಲ್ಲಿ ಮರೆಯುತ್ತಿರಲಿಲ್ಲ.

ಡಾಕ್ಟರ್ ಹೇಳಿದ್ದು ಸರಿ. ಐದನೆಯ ತಿಂಗಳಲ್ಲಿ ಕೆಳಗಿದ್ದದ್ದು ಎಂಟರ ಹೊತ್ತಿಗೆ ಮೇಲೆ ಹೋಗುವುದು ಸಾಮಾನ್ಯ. ಅದೇನೂ ಕಾಲು ಬಂದು ನಡೆಯುವುದಿಲ್ಲ, ಗೋಡೆ ಬೆಳೆದಂತೆ ಅದನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಅಕ್ಷರ ಅಲ್ಲಲ್ಲಿ ಕೆಟ್ಟಿದೆ. ಪೆನ್ನು ಸರಿಯಿಲ್ಲ.

ಪ್ರೇಮಾ

⁂

ನಾಗಪುರ
23 ಡಿಸೆಂಬರ್ 2024

ಪ್ರೇಮಾಬಾಯಿಯವರಿಗೆ ಶರಣಾರ್ಥಿ.

ನಿಮ್ಮ ಪತ್ರ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ತಾಯಿಯಾದ ನೀವು ಕೇಳಿದ ಕೂಡಲೇ ಎಚ್ಚರ ತಪ್ಪಿ ಬೀಳುತ್ತೀರಿ ಎಂದು ನಾನು ಹೆದರಿದ್ದೆ. ನೀವು ನೋಡಿದರೆ ಇಲಿ, ಬೋಗುಣಿ, ಜೇನುತುಪ್ಪ ಎಂದು ಕಥೆ ಹೇಳಿದ್ದೀರಿ. ಕಲಿತವರ ಧೈರ್ಯವೇ ಬೇರೆ. ನೀವೇ ಇಷ್ಟು ನಿಶ್ಚಿಂತೆಯಿಂದ ಇದ್ದ ಮೇಲೆ ನಾನು ಯಾಕೆ ಹೆದರಲಿ. ಆ ದಿನದಿಂದ ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿದ್ದೇನೆ.

ಹೆಸರಿನ ಕಥೆಯನ್ನು ಯಜಮಾನರಿಗೂ ಹೇಳಿದೆ. "ಅಂದ್ರ ಕೂಸು ಹೊಟ್ಯಾಗ ಕುಂತು ಹೋಳಿಗಿ ಉಣ್ಣಾಕತೈತಿ" ಎಂದು ನಕ್ಕರು. ಅಂಗಡಿಯಲ್ಲಿ ಗಿರಾಕಿಗಳಿಗೂ ಹೇಳುತ್ತಿದ್ದಾರೆ. ನಮ್ಮಲ್ಲಿ ರವಿಕೆಗೆ ಖಣದ ಅರಿವೆ ಕೊಳ್ಳಲು ಬರುವ ಮರಾಠಿ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಂಡು ಎರಡು ಖಣ ಜಾಸ್ತಿ ಒಯ್ಯುತ್ತಾರಂತೆ.

ಹಾಗಾಗಿ ಸಂಕ್ರಾಂತಿಯಾದ ಮೇಲೆ ಕುಬಸ ಧೂಮಧಾಮಿನಿಂದ ಮಾಡುವುದೆಂದು ಗೊತ್ತುಮಾಡಿದ್ದೇವೆ. ನೀವು ಸೀಮಂತ ಎನ್ನುವುದು ನಮ್ಮಲ್ಲಿ ಕುಬಸ. ಮಹಡಿಯ ಮೇಲೆ ಅಂಗಡಿಯ ಗೋದಾಮು ಇದೆ, ದೊಡ್ಡ ಪಡಸಾಲೆ. ಅಲ್ಲಿ ಜೋಕಾಲಿ ಕಟ್ಟಿ, ಹಸಿರು ಖಣದ ಕುಬಸ ತೊಡಿಸಿ, ಹರ್ಷಿತಾಳನ್ನು ಕೂಡಿಸಿ ತೂಗುವುದು. ಹಾಡುವವರನ್ನೂ ಹೇಳಿದ್ದೇನೆ. ಆಕೆ ಒಂದು ತಾಸು ಎದ್ದು ಮೇಲೆ ಬಂದರೆ ಸಾಕು. ತವರಿನ ಬುತ್ತಿಯನ್ನು ಪಾರ್ಸಲ್ ಮಾಡಿದರೂ ನಡೆಯುತ್ತದೆ, ಅಷ್ಟು ದೂರದಿಂದ ಬರುವ ತ್ರಾಸು ತೆಗೆದುಕೊಳ್ಳಬೇಡಿರಿ.

ನನ್ನ ಮೊಣಕಾಲಿನ ತಟ್ಟೆಗಳು ನೀವು ಹೆಸರು ಹೇಳಿದಾಗಿನಿಂದ ಹೆಚ್ಚು ಸಪ್ಪಳ ಮಾಡುತ್ತಿವೆ.

ಜಯವ್ವ

⁂

ಮೈಸೂರು
28 ಡಿಸೆಂಬರ್ 2024

ಜಯವ್ವನವರೆ,

ಇದು ತಲುಪುವ ಮೊದಲೇ ನಮ್ಮ ಮನೆಯವರು ಬಸವಪ್ರಸಾದನಿಗೆ ಫೋನಿನಲ್ಲಿ ಹೇಳಿರುತ್ತಾರೆ. ಜೋಕಾಲಿ ಬೇಡ. ಮೆಟ್ಟಿಲು ಬೇಡ. ಒಂದು ಮೆಟ್ಟಿಲೂ ಬೇಡ.

ನಿಶ್ಚಿಂತೆ ಎಂದಿರಿ. ಆ ಕಾಗದ ಬರೆದು ಅಂಚೆಗೆ ಹಾಕಿ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಪೆನ್ನು ಸರಿಯಾಗಿಯೇ ಇತ್ತು, ಅಕ್ಷರ ಕೆಡಿಸಿದ್ದು ಹೆದರಿಕೆ. ಹೆದರಿಕೆಯಾದಾಗ ನಾನು ಪಾಠ ಮಾಡಲು ಶುರುಮಾಡುತ್ತೇನೆ. ನಮ್ಮ ಮನೆಯವರಿಗೆ ಹೃದಯದ ತೊಂದರೆ ಬಂದಾಗ ಐಸಿಯು ಹೊರಗೆ ನಿಂತು ಅವರ ತಮ್ಮನಿಗೆ ಕವಾಟಗಳ ಹೆಸರು ಹೇಳಿಕೊಟ್ಟಿದ್ದೆ. ಆ ಪ್ಲಾಸೆಂಟಾ ಮೇಲೆ ಸರಿಯದಿದ್ದರೆ, ನೋವು ಬರುವ ಮೊದಲೇ ಬಿಟ್ಟುಕೊಂಡರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿರುವುದನ್ನೆಲ್ಲ ಬಿಟ್ಟು ಹೆಸರಿನ ಕಥೆ ಬರೆದೆ. ನೀವು ಅದನ್ನು ಧೈರ್ಯ ಎಂದುಕೊಂಡು ಜೋಕಾಲಿ ಕಟ್ಟಲು ಹೊರಟಿರಿ. ತಪ್ಪು ನಿಮ್ಮದಲ್ಲ.

ಪಾರ್ಸಲ್ ಮಾಡಿ ಎಂದದ್ದು ಮಾತ್ರ ಚುಚ್ಚಿತು. ನಾನು ಬರಬೇಕು ಜಯವ್ವನವರೆ. ಅವಳ ಪಕ್ಕ ಇರಬೇಕು. ಆದರೆ ಹೇಗೆ ಬರಲಿ? ಬೀಗರ ಮನೆಯಲ್ಲಿ ನಾನು ಅತಿಥಿ. ಎರಡು ದಿನ ಚೆನ್ನ, ನಾಲ್ಕನೆಯ ದಿನಕ್ಕೆ ನಿಮ್ಮ ಡಬ್ಬಿಗಳನ್ನು ಮುಟ್ಟಲು ನನಗೆ ಸಂಕೋಚ, ಹೇಳಲು ನಿಮಗೆ ಸಂಕೋಚ. ನನ್ನ ಮಗಳಿಗೆ ಬೇರೆಯವರು ಎರೆಯುವುದನ್ನು ಕುರ್ಚಿಯಲ್ಲಿ ಕೂತು ನೋಡುವುದು ನನ್ನಿಂದಾಗದು. ಅವಳು ಇಲ್ಲಿಗೆ ಬರುವಂತಿಲ್ಲ, ನಾನು ಅಲ್ಲಿ ತವರಾಗುವಂತಿಲ್ಲ. ಈ ಲೆಕ್ಕ ಹೇಗೆ ಬಿಡಿಸಬೇಕೋ ನನಗೆ ತಿಳಿಯುತ್ತಿಲ್ಲ.

ಪ್ರೇಮಾ

⁂

ನಾಗಪುರ
5 ಜನವರಿ 2025

ಪ್ರೇಮಕ್ಕ,

ಇನ್ನು ಹೆಸರಿನ ಮುಂದಿನ ಬಾಯಿ, ಅವರು ಎಲ್ಲ ಬಿಟ್ಟೆ. ಜೋಕಾಲಿ ಬಿಚ್ಚಿಸಿದೆ, ಹಾಡುವವರಿಗೆ ಮುಂದೆ ತೊಟ್ಟಿಲಿಗೆ ಬರ್ರಿ ಎಂದೆ. ನಿಮ್ಮ ಪತ್ರ ಓದುತ್ತ ನಾನು ಅಳುವುದನ್ನು ಹರ್ಷಿತಾ ನೋಡಿಬಿಟ್ಟಳು. ಕೈಯಿಂದ ಕಸಿದು ಓದಿದಳು. ಸಿಟ್ಟು ಮಾಡುತ್ತಾಳೆ ಎಂದುಕೊಂಡೆ. "ಅಮ್ಮ ಐಸಿಯು ಮುಂದೆ ಪಾಠ ಮಾಡಿದ್ದು ನಂಗೇ ಗೊತ್ತಿರ್ಲಿಲ್ಲ" ಎಂದು ಅಳುತ್ತ ನಕ್ಕಳು, ಆಮೇಲೆ "ಅಮ್ಮ ಬರ್ಲಿ ಅತ್ತೆ" ಎಂದಳು. ಇಷ್ಟು ದಿನ ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುತ್ತಿದ್ದಳು ಹುಡುಗಿ.

ಈಗ ನಿಮ್ಮ ಲೆಕ್ಕ. ನಾನು ಕಲಿತದ್ದು ಏಳನೇ ಇಯತ್ತೆ, ಆದರೆ ಇದು ಬಿಡಿಸಲಿಕ್ಕೆ ಬರುತ್ತದೆ. ಹರ್ಷಿತಾ ತವರಿಗೆ ಹೋಗುವಂತಿಲ್ಲ, ಖರೆ. ಹಾಗಿದ್ದರೆ ತವರನ್ನೇ ಇಲ್ಲಿ ಮಾಡಬೇಕು. ಮೊದಲು ಮಹಡಿಯನ್ನು ನಿಮಗೆ ಬಿಟ್ಟುಕೊಡೋಣ ಎಂದುಕೊಂಡೆ. ಆಕೆ ಮೆಟ್ಟಿಲು ಹತ್ತುವಂತಿಲ್ಲ ಎಂದು ನೀವು ಎರಡು ಸಲ ಬರೆದಿದ್ದೀರಿ. ಅದಕ್ಕೆ ಕೆಳಗಿನ ಮನೆ ಇನ್ನು ನಿಮ್ಮದು. ಅಡುಗೆಮನೆ, ಡಬ್ಬಿ, ಬಚ್ಚಲು, ನೀರಿನ ಹಂಡೆ, ಅಂಗಳದ ಪೇರಲ ಗಿಡ ಎಲ್ಲ ನಿಮ್ಮವು. ನಾನು, ಯಜಮಾನರು ಮೇಲೆ ಗೋದಾಮಿಗೆ ಹೋಗುತ್ತೇವೆ. ಖಣದ ಗಂಟುಗಳನ್ನು ಅಂಗಡಿಗೆ ಸಾಗಿಸಿದ್ದಾಯಿತು, ಗ್ಯಾಸಿನ ಒಲೆ ಹೂಡಿದ್ದಾಯಿತು. ಸಾಮಾನು ಹೊರುವಾಗ ಯಜಮಾನರು "ಈ ವಯಸ್ಸಿನ್ಯಾಗ ನನಗ ಬ್ಯಾರೆ ಸಂಸಾರ ಹೂಡಾಕ ಹಚ್ಚೀದಿ" ಎಂದರು. ನನಗೆ ಕೇಳಿಸಲಿಲ್ಲ ಎಂದು ತೋರಿಸಿದೆ.

ಕೆಳಗಿನ ಬಾಗಿಲಿಗೆ ಒಂದು ಫಲಕ ಹಾಕಿಸಿದೆ: ಪ್ರೇಮಾ ಮುರಳೀಧರ, ಮೈಸೂರು. ಬಸವಪ್ರಸಾದನೇ ಬಣ್ಣದಲ್ಲಿ ಬರೆದ. ಅಕ್ಷರ ಬಾರದ ಮಗ, ನಿಮ್ಮ ಲಕೋಟೆ ಮುಂದಿಟ್ಟುಕೊಂಡು ರಂಗೋಲಿ ಹಾಕುವಂತೆ ನೋಡಿ ನೋಡಿ ಬರೆದಿದ್ದಾನೆ. ಕುಬಸದ ದಿನ ನಿಮ್ಮ ಮಗಳನ್ನು ರೀತಿಯ ಪ್ರಕಾರ ಆ ಬಾಗಿಲಿನೊಳಗೆ ಕರೆದುಕೊಳ್ಳಿರಿ. ಅಲ್ಲಿಂದ ಮುಂದೆ ನೀವು ಕರೆಯದೆ ನಾನು ಮೆಟ್ಟಿಲು ಇಳಿಯುವುದಿಲ್ಲ.

ನನ್ನ ಮೊಣಕಾಲಿನ ಚಿಂತೆ ಮಾಡಬೇಡಿರಿ. ಮ್ಯಾಲೆ ಸರಿಯೋದು ಹ್ಯಾಂಗ ಅಂತ ಆ ನಿಮ್ಮ ಪ್ಲಾಸೆಂಟಾಗ ನಾನೇ ಮಾಡಿ ತೋರಸ್ತೀನಿ.

ಜಲ್ದಿ ಬರ್ರಿ.

ಜಯವ್ವ

⁂

ಮೈಸೂರು
12 ಜನವರಿ 2025

ಜಯಕ್ಕ,

ಕಾಗದವನ್ನು ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಲು ಹೋದೆ, ಫಲಕದ ಹತ್ತಿರ ಬಂದಾಗ ಕಾಗದವನ್ನು ಅವರ ಕೈಗೆ ಕೊಟ್ಟುಬಿಟ್ಟೆ. ಉಳಿದದ್ದನ್ನು ಅವರೇ ಓದಿಕೊಂಡರು. ಓದಿ, ನೇರ ಟಿಕೆಟ್ಟು ತೆಗೆಸಲು ಹೋದರು.

ಹತ್ತೊಂಬತ್ತಕ್ಕೆ ಹೊರಟು ಬೆಂಗಳೂರಿನಲ್ಲಿ ರೈಲು ಬದಲಾಯಿಸಿ ಬರುತ್ತೇವೆ. ಬಾಣಂತಿ ಲೇಹ್ಯ, ಹರಳೆಣ್ಣೆ, ನನ್ನ ಅಮ್ಮ ನನಗೆ ಎರೆದ ತಾಮ್ರದ ತಂಬಿಗೆ ಎಲ್ಲ ಕಟ್ಟಿಟ್ಟಿದ್ದೇನೆ. ಸ್ವಂತ ಮನೆ ಬಿಟ್ಟು ಗೋದಾಮು ಸೇರಿದವರಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಲ್ಯಾಟಿನ್ನಿನಲ್ಲೂ ಗೊತ್ತಿಲ್ಲ.

ಒಂದೇ ಕರಾರು. ನನ್ನ ಮನೆಯಲ್ಲಿ ತೊಗರಿಬೇಳೆ ಒಬ್ಬಟ್ಟನ್ನೇ ಮಾಡುವುದು.

ನಿಮ್ಮ
ಪ್ರೇಮಾ

⁂

ಕೆಳಗಿನ ಮನೆ, ಮೈಸೂರು
5 ಫೆಬ್ರವರಿ 2025

ಮೇಲಿನ ಮನೆ, ನಾಗಪುರ
ಜಯಕ್ಕನವರಿಗೆ,

ಅಂಗಳದಲ್ಲಿ ನಿಂತು ನಾಲ್ಕು ಸಲ ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದು ಏನಾಯಿತೆಂದು ಹಿಂದಿಯಲ್ಲಿ ಕೇಳಿದರು, ನೀವು ಮಾತ್ರ ಬಾಲ್ಕನಿಯಲ್ಲಿ ಸೊಪ್ಪು ಬಿಡಿಸುತ್ತ ಕೂತೇ ಇದ್ದಿರಿ. ಇವತ್ತಾದರೂ ಆ ಮಷೀನನ್ನು ಚಹಾಪುಡಿಯಿಂದ ಹೊರಗೆ ತೆಗೆಯಬಾರದೆ? ನೀವು ಮೊಸರಿಗೆಂದು ಇಳಿಬಿಡುವ ಬುಟ್ಟಿಯಲ್ಲಿ ಈ ಚೀಟಿ ಇಡುತ್ತಿದ್ದೇನೆ.

ಈಗಷ್ಟೇ ಸ್ಕ್ಯಾನಿಂಗ್ ಮುಗಿಸಿ ಬಂದೆವು. ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಮೇಲೆ ಹೋಗಿದೆ ಜಯಕ್ಕ. ದಾರಿ ಪೂರ್ತಿ ತೆರವಾಗಿದೆ. ಮಗು ತಲೆ ಕೆಳಗೆ ಮಾಡಿ ಸರಿಯಾಗಿ ಕೂತಿದೆ, ಸಹಜ ಹೆರಿಗೆಯೇ ಆಗಬಹುದು ಎಂದರು. "ಮಾಂಡೆವಾಲಿ ಆಜಿ ಎಲ್ಲಿ, ಅವರಿಗೆ ಮೊದಲು ಹೇಳಿ" ಎಂದು ಆ ಡಾಕ್ಟರಮ್ಮ ನಕ್ಕರು.

ನಾನು ಅಲ್ಲಿ ಯಾರಿಗೂ ಪಾಠ ಮಾಡಲಿಲ್ಲ. ಹರ್ಷಿತಾಳ ಕೈ ಹಿಡಿದು ಅತ್ತೆ, ಅಷ್ಟೇ.

ಇಳಿದು ಬನ್ನಿ. ಮೈಸೂರು ಕರೆಯುತ್ತಿದೆ. ಕಾಫಿ ಆರುತ್ತಿದೆ.

ಪ್ರೇಮಾ

⁂

ಕೆಳಗಿನ ಮನೆ, ಮೈಸೂರು
21 ಮಾರ್ಚ್ 2025

ನಾಗಪುರದ ಬೀಗರಾದ ಶ್ರೀ ರಾಮಲಿಂಗಪ್ಪ ಹಾಗೂ ಶ್ರೀಮತಿ ಜಯವ್ವನವರಿಗೆ,

ನಿಮ್ಮ ಸೊಸೆ, ನಮ್ಮ ಮಗಳು ಹರ್ಷಿತಾ ಹೆಣ್ಣುಮಗುವಿಗೆ ಜನ್ಮ ಕೊಟ್ಟದ್ದು ನಿಮಗೆ ತಿಳಿದೇ ಇದೆ. ಹುಟ್ಟಿದ ಕೂಡಲೇ ಮಗು ಕಿರುಚಿದ್ದು ಜಯವ್ವನವರಿಗೆ ಮಷೀನಿಲ್ಲದೆ ಕೇಳಿಸಿತು ಎಂದು ಆಸ್ಪತ್ರೆಯವರೆಲ್ಲ ಹೇಳಿಕೊಳ್ಳುತ್ತಿದ್ದಾರೆ. ಬರುವ ಸೋಮವಾರ ತೊಟ್ಟಿಲು ಹಾಕುವ ಶಾಸ್ತ್ರ. ತಾವು ದಂಪತಿ ಸಮೇತ ನಮ್ಮ ಮನೆಗೆ ಬಂದು ಕೂಸನ್ನು ಹರಸಬೇಕು. ರೀತಿಯ ಪ್ರಕಾರ ಕರೆಯುತ್ತಿದ್ದೇನೆ, ಗೊಣಗಬೇಡಿ.

ಇನ್ನೊಂದು ವಿಷಯ ನಿಮಗೆ ಮಾತ್ರ ಜಯಕ್ಕ. ಹೆರಿಗೆಯಾದ ಮೇಲೆ ಆ ಪ್ಲಾಸೆಂಟಾವನ್ನು ಎಸೆಯುವ ಮುಂಚೆ ಒಮ್ಮೆ ನೋಡಬೇಕೆಂದು ನರ್ಸನ್ನು ಕೇಳಿಕೊಂಡೆ. ವಿಚಿತ್ರ ಹೆಂಗಸು ಎಂದುಕೊಂಡಿರಬೇಕು, ಆದರೂ ತಂದು ತೋರಿಸಿದಳು. ಅಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದವಳು, ಕಣ್ಣಿನಿಂದ ನೋಡಿದ್ದು ಇದೇ ಮೊದಲು. ಆ ಇಟಲಿಯವನು ಸುಳ್ಳು ಹೇಳಿಲ್ಲ. ದುಂಡಗೆ, ದಪ್ಪಗೆ, ಅಂಗೈ ಎರಡು ಅಗಲಿಸಿದಷ್ಟು. ಕೈ ಮುಗಿಯಬೇಕೆನಿಸಿತು. ಮುಗಿದೆ. ನರ್ಸು ಬೇರೆ ಕಡೆ ನೋಡಿದಳು.

ಪ್ರೇಮಾ

⁂

ಮೇಲಿನ ಮನೆ, ನಾಗಪುರ
22 ಮಾರ್ಚ್ 2025

ಮೈಸೂರಿನ ಬೀಗತಿ ಪ್ರೇಮಕ್ಕನಿಗೆ,

ನಿಮ್ಮ ಕರೆಯೋಲೆ ಬುಟ್ಟಿಯಲ್ಲಿ ಏರಿ ಬಂದು ಮುಟ್ಟಿತು. ಸೋಮವಾರ ಬರುತ್ತೇವೆ. ದಾರಿ ದೂರ, ನನ್ನ ಮೊಣಕಾಲಿನ ತಟ್ಟೆಗಳು ನೋಯುತ್ತವೆ, ಯಜಮಾನರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ಬೆಳಿಗ್ಗೆ ಹೊರಟರೆ ಚಹಾದ ಹೊತ್ತಿಗೆ ಮುಟ್ಟುತ್ತೇವೆ. ಇಳಿದ ಕೂಡಲೇ ತಿಂಡಿ ಎಲ್ಲಿ ಎಂದು ಕೇಳುತ್ತೇವೆ, ತಯಾರಿರಲಿ.

ಬರುವಾಗ ಗುಳೇದಗುಡ್ಡದ ಖಣ, ತೊಟ್ಟಿಲಿಗೆ ಕಟ್ಟುವ ಗಿಣಿ ತರುತ್ತೇನೆ. ಹೋಳಿಗೆ ತರುವುದಿಲ್ಲ. ನಿನ್ನೆ ಯಾರಿಗೂ ಕಾಣದಂತೆ ನಿಮ್ಮ ತೊಗರಿಬೇಳೆ ಒಬ್ಬಟ್ಟನ್ನು ಎರಡು ತಿಂದೆ. ಚಲೋ ಇತ್ತು. ಇದನ್ನು ಯಾರಿಗಾದರೂ ಹೇಳಿದರೆ ಇಲ್ಲವೇ ಇಲ್ಲ ಎನ್ನುತ್ತೇನೆ.

ಮುಂದಿನದನ್ನು ಮಾತಾಡಿದ ಹಾಗೆಯೇ ಬರೆಯುತ್ತೇನೆ, ಅಕ್ಕೋರು ಮೇಲಿನಿಂದ ನೋಡುತ್ತಿದ್ದರೂ ಚಿಂತೆಯಿಲ್ಲ.

ಪ್ರೇಮಕ್ಕ, ನೀವು ಕೈ ಮುಗಿದಿದ್ದು ಓದಿ ನನಗ ಒಂದು ವಿಚಾರ ಬಂತು. ಒಂಬತ್ತು ತಿಂಗಳು ಕೂಸಿಗೆ ಉಣಿಸಿದಾಕಿ ಆಕಿ. ನಾವು ಆಕೀನ ಬೈದ್ವಿ, ಜಾರೀದಿ ಅಂದ್ವಿ, ಅಡ್ಡ ನಿಂತೀದಿ ಅಂದ್ವಿ. ಆಕಿ ಏನೂ ಅನಲಿಲ್ಲ, ತನ್ನ ಕೆಲಸ ಮಾಡಕೋತನ ಮ್ಯಾಲೆ ಸರದು ದಾರಿ ಬಿಟ್ಟಳು. ಕೂಸು ಬಂದ ಮ್ಯಾಲೆ ಎಲ್ಲಾರೂ ಕೂಸಿನ ಕಡೆ ಹೊಳ್ಳಿದ್ವಿ. ನಿಮಗ ಒಬ್ಬಾಕಿಗೆ ಆಕಿ ನೆನಪಾದಳು. ಅಷ್ಟು ದಿವಸ ಊಟ ಹಾಕಿದಾಕಿಗೆ ನಾವು ಒಂದು ತುತ್ತು ಹಾಕಲಿಲ್ಲ.

ಅದಕ್ಕ ಸೋಮವಾರ ನೀವು ಹೆಂಚು ಇಟ್ಟಾಗ ಮೊದಲನೇ ಹೋಳಿಗಿ ಯಾರಿಗೂ ಕೊಡಬ್ಯಾಡ್ರಿ, ಬೀಗರಿಗೂ ಬ್ಯಾಡ. ಅದು ಆಕೀದು. ನಾ ಇಳದು ಬಂದ ಮ್ಯಾಲೆ ಇಬ್ಬರೂ ಕೂಡಿ ಪೇರಲ ಗಿಡದ ಬುಡಕ್ಕ ಇಟ್ಟು ಬರೂಣು, ಮ್ಯಾಲೊಂದು ಚಮಚಾ ತುಪ್ಪ ಹಾಕಿ. ಆಕಿ ಹೆಸರು ನೀವ ಹೇಳ್ರಿ. ನನಗ ಈಗ ಕೇಳಸತೈತಿ, ಮಷೀನು ಹಾಕ್ಕೊಂಡ ಬರ್ತೀನಿ.

ನಿಮ್ಮ
ಜಯಕ್ಕ